ದರ್ಜಿಯ ಎರಡು ಇಂಚು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇನ್ನೊಬ್ಬರ ಸೊಂಟದ ಅಳತೆಯನ್ನು ನಾಲ್ಕು ಜನರ ಮುಂದೆ ಹೇಳುವುದು ಮರ್ಯಾದಸ್ಥರ ಕೆಲಸವಲ್ಲ. ಅದರಲ್ಲೂ ಎಲ್ಲರ ಸೊಂಟದ ಅಳತೆಯನ್ನು ಇಪ್ಪತ್ತೈದು ವರ್ಷ ಗುಟ್ಟಾಗಿ ಕಾಪಾಡಿಕೊಂಡು ಬಂದ ದರ್ಜಿಯದನ್ನು ಹೇಳುವುದು ಇನ್ನೂ ತಪ್ಪು. ನನಗಿಂತ ಚೆನ್ನಾಗಿ ಈ ಕತೆ ಹೇಳಬಲ್ಲವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅವರಿಗೆ ವಿಷಯ ಗೊತ್ತಿಲ್ಲ. ಹಾಗಾಗಿ ಧೈರ್ಯ ಮಾಡಿದ್ದೇನೆ.

ಆ ದರ್ಜಿಯನ್ನು ಎಲ್ಲರೂ ಮಾಸ್ಟ್ರು ಎಂದೇ ಕರೆಯುತ್ತಿದ್ದರು. ಮೊದಲ ಮಹಡಿಯಲ್ಲಿ ಅವರ ಮನೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗಿರಾಕಿಗಳ ಅಳತೆ ಬರೆದಿಟ್ಟ ದಪ್ಪ ಪುಸ್ತಕ, ಗೋಡೆಗೆ ಒಂದು ಬೋರ್ಡು: ‘ಬಿಚ್ಚಿ ಹೊಲಿಯುವ ಪದ್ಧತಿ ನಮ್ಮಲ್ಲಿಲ್ಲ.’ ಆ ಬೋರ್ಡೇ ಅವರ ಮಾನ, ಪ್ರಾಣ. ಒಮ್ಮೆ ಹೊಲಿದ ಬಟ್ಟೆಯನ್ನು ಬಿಚ್ಚುವುದೆಂದರೆ ಉಗುಳಿದ್ದನ್ನು ನುಂಗಿದ ಹಾಗೆ ಎಂದು ಅವರು ನಂಬಿದ್ದರು.

ಇಪ್ಪತ್ತೈದು ವರ್ಷದಲ್ಲಿ ಒಂದನ್ನೂ ಬಿಚ್ಚದ ಈ ಸಾಧನೆಗಾಗಿಯೇ ದರ್ಜಿಗಳ ಸಂಘದವರು ಆ ಭಾನುವಾರ ಸಂಜೆ ಆರಕ್ಕೆ ಅವರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಸಂಘದಲ್ಲಿ ಒಂದು ಪದ್ಧತಿಯಿತ್ತು. ಸನ್ಮಾನ ಮಾಡಿಸಿಕೊಳ್ಳುವವನು ತಾನೇ ಹೊಲಿದ ಹೊಸ ಬಟ್ಟೆ ತೊಟ್ಟು ವೇದಿಕೆ ಹತ್ತಬೇಕು. ಹಿರಿಯರೊಬ್ಬರು ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಬೇಕು. ಬಿಚ್ಚಿ ಹೊಲಿದಿದ್ದರೆ ಸೂಜಿಯ ಹಳೆಯ ತೂತು ಆ ಬೆರಳಿಗೆ ಸಿಗದೆ ಇರುವುದಿಲ್ಲ.

ಮಾಸ್ಟ್ರು ಪುಸ್ತಕದಲ್ಲಿದ್ದ ತಮ್ಮದೇ ಅಳತೆ ನೋಡಿ ಪ್ಯಾಂಟು ಹೊಲಿದಿಟ್ಟಿದ್ದರು. ಸೊಂಟ ನಲವತ್ತು. ಬೆಳಿಗ್ಗೆ ಏಳಕ್ಕೆ ತೊಟ್ಟು ನೋಡಿದರೆ ಗುಂಡಿಯೂ ಕಾಜವೂ ಮಾತು ಬಿಟ್ಟ ವಾರಗಿತ್ತಿಯರ ಹಾಗೆ ಎದುರುಬದುರು ನಿಂತವೇ ಹೊರತು ಹತ್ತಿರ ಬರಲಿಲ್ಲ. ಕೊರಳಲ್ಲಿದ್ದ ಟೇಪನ್ನು ಎಳೆದು ಸೊಂಟಕ್ಕೆ ಸುತ್ತಿದರು. ನಲವತ್ತೆರಡು.

“ಎರಡು ಇಂಚು,” ಎಂದರು, ಯಾರೋ ತೀರಿಕೊಂಡ ಸುದ್ದಿ ಹೇಳುವ ದನಿಯಲ್ಲಿ.

“ನಿನ್ನೆ ಹಳೇ ಪ್ಯಾಂಟು ಸಲೀಸಾಗಿ ಹಾಕ್ಕೊಂಡ್ರಲ್ಲ?” ಎಂದರು ಅವರ ಹೆಂಡತಿ, ಅಡುಗೆಮನೆಯಿಂದಲೇ.

“ಹಳೇ ಬಟ್ಟೆ ಹಳೇ ಸ್ನೇಹಿತನ ಹಾಗೆ ಕಣೇ. ನಮ್ಮ ದೋಷ ನೋಡಿಯೂ ನೋಡದ ಹಾಗೆ ಹಿಗ್ಗಿಕೊಳ್ಳುತ್ತೆ. ಹೊಸದು ಸತ್ಯ ಹೇಳುತ್ತೆ.”

“ಹತ್ತು ವರ್ಷದಿಂದ ನಾನೂ ಅದೇ ಸತ್ಯ ಹೇಳ್ತಿದೀನಿ. ಮೆಟ್ಟಿಲು ಹತ್ತಿ ಬಂದ್ರೆ ಕುಕ್ಕರಿನ ಹಾಗೆ ಸೀಟಿ ಹಾಕ್ತೀರಿ. ಸ್ವಲ್ಪ ವ್ಯಾಯಾಮ ಮಾಡಿ ಅಂದ್ರೆ, ಕೂತು ಮಾಡೋದು ಯಾವುದಾದ್ರೂ ಇದ್ಯಾ ಅಂತೀರಿ.”

ಮಾಸ್ಟ್ರಿಗೆ ಇನ್ನೊಂದು ಸಂಕಟವಿತ್ತು. ಕಳೆದ ಮೂರು ವಾರದಲ್ಲಿ ಬಟ್ಟೆ ಬಿಗಿ ಎಂದು ಬಂದ ಒಬ್ಬೊಬ್ಬ ಗಿರಾಕಿಗೂ ಅವರು ಬೆಳೆದದ್ದು ನಿಮ್ಮ ಹೊಟ್ಟೆ ಎಂದೇ ಹೇಳಿ ಕಳಿಸಿದ್ದರು. ಕೆಳಗಿನ ಮನೆಯ ಬ್ಯಾಂಕ್ ಕ್ಯಾಷಿಯರರಿಗೆ ಟೇಪು ಸುತ್ತಿ ತೋರಿಸಿ, “ಪುಸ್ತಕದಲ್ಲಿ ಮೂವತ್ತಾರು, ಈಗ ಮೂವತ್ತೆಂಟು. ನನ್ನ ಕತ್ತರಿಯದೇನು ತಪ್ಪು?” ಎಂದಿದ್ದರು. ಪ್ಯಾಂಟಿನ ಉದ್ದವೂ ಕಡಿಮೆಯಾಗಿದೆಯಲ್ಲ ಎಂದು ಕ್ಯಾಷಿಯರರು ಗೊಣಗಿದ್ದಕ್ಕೆ, “ಹೊಟ್ಟೆ ಮುಂದೆ ಬಂದ್ರೆ ಪ್ಯಾಂಟು ಮೇಲೆ ಹೋಗುತ್ತೆ, ಬಾವಿಯ ಹಗ್ಗದ ಹಾಗೆ,” ಎಂದು ಬಾಯಿ ಮುಚ್ಚಿಸಿದ್ದರು. ಎದುರುಮನೆಯ ನಿವೃತ್ತ ಹವಾಲ್ದಾರರಂತೂ ಮೂವತ್ತೆರಡು ಮೂವತ್ನಾಲ್ಕಾಯಿತೆಂದು ಕೇಳಿದ ದಿನದಿಂದ ರಾತ್ರಿಯೂಟ ಬಿಟ್ಟಿದ್ದರು.

ಪ್ಯಾಂಟನ್ನು ದೊಡ್ಡದು ಮಾಡುವ ಹಾಗಿಲ್ಲ. ಇನ್ನು ಉಳಿದದ್ದು ಹೊಟ್ಟೆಯನ್ನು ಚಿಕ್ಕದು ಮಾಡುವುದು. ಮಾಸ್ಟ್ರು ಲೆಕ್ಕ ಹಾಕಿದರು: ಇಂಚಿಗೆ ಎಂಟು ನೂಲು, ಎರಡು ಇಂಚಿಗೆ ಹದಿನಾರು. ಸಂಜೆ ಆರಕ್ಕೆ ಹನ್ನೊಂದು ಗಂಟೆ ಬಾಕಿ. ಗಂಟೆಗೆ ಒಂದೂವರೆ ನೂಲು ಕರಗಿದರೆ ಸಾಕು. ಕಾಗದದ ಮೇಲೆ ಅದು ಕಷ್ಟದ ಕೆಲಸವಾಗಿ ಕಾಣಲಿಲ್ಲ.

ಹಳೆಯ ಪೈಜಾಮ ತೊಟ್ಟು, ಮೇಜು ಸರಿಸಿ, ಶಾಲೆಯಲ್ಲಿ ಕಲಿತ ಡ್ರಿಲ್ಲನ್ನು ನೆನಪಿಸಿಕೊಂಡು ಒಮ್ಮೆ ಹಾರಿದರು. ಮೊಳೆಗೆ ನೇತುಹಾಕಿದ್ದ ಕತ್ತರಿ ಕೆಳಗೆ ಬಿತ್ತು. ಎರಡನೆಯ ಸಲ ಹಾರಿದಾಗ ಬೋರ್ಡು ಸೊಟ್ಟಗಾಯಿತು. ಹಾರುವುದು ಬೇಡ, ದಂಡ ಹೊಡೆಯೋಣ ಎಂದು ಅಂಗೈ ಊರಿ ಬೋರಲಾದರು. ಕೆಳಗೆ ಹೋಗುವ ಕೆಲಸವನ್ನು ಭೂಮಿಯೇ ಮಾಡಿಕೊಟ್ಟಿತು. ಮೇಲೆ ಏಳುವುದಕ್ಕೆ ಮಾತ್ರ ಯಾರೂ ನೆರವಿಗೆ ಬರಲಿಲ್ಲ. ಮಗುಚಿಕೊಳ್ಳೋಣವೆಂದರೆ ಹೊಟ್ಟೆ ದೋಣಿಯ ಹಾಗೆ ಅತ್ತಿತ್ತ ತೂಗಿ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಂತಿತು.

ಅಷ್ಟರಲ್ಲಿ ಬಾಗಿಲಲ್ಲಿ ಕ್ಯಾಷಿಯರರು. ತಲೆಯ ಮೇಲೆ ಸುಣ್ಣದ ಪುಡಿ, ಕೈಯಲ್ಲಿ ಕಾಫಿ ಲೋಟ, ಕಾಫಿಯಲ್ಲೂ ಸುಣ್ಣದ ಪುಡಿ.

“ಮಾಸ್ಟ್ರೇ, ಏನು ಬಿತ್ತು?”

“ಏನೂ ಬಿದ್ದಿಲ್ಲ. ನಾನು ಮಲಗಿದೀನಿ.”

“ಮಲಗೋದಕ್ಕೆ ಇಷ್ಟು ಸದ್ದು ಮಾಡೋರನ್ನ ನಾನು ನೋಡಿಲ್ಲ.”

ಹಿಂದೆಯೇ ಹವಾಲ್ದಾರರೂ ಬಂದರು. ಅವರು ಯಾರ ಮನೆಗೂ ಕರೆಸಿಕೊಂಡು ಹೋದವರಲ್ಲ. “ದಂಡ ಹೊಡೀತಿದಾರೆ ಕಣ್ರೀ. ಅರ್ಧ ಹೊಡೆದಿದಾರೆ. ಹೊಟ್ಟೆ ಒಳಗೆ ಎಳ್ಕೊಳ್ಳಿ ಮಾಸ್ಟ್ರೇ.”

“ಎಳ್ಕೊಂಡೇ ಇದೀನಿ.”

“ಇದು ಎಳ್ಕೊಂಡಿರೋದಾ?” ಎಂದು ಹವಾಲ್ದಾರರು ಗಂಭೀರವಾಗಿ ಬಗ್ಗಿ ನೋಡಿದರು. ಆಮೇಲೆ ಇಬ್ಬರೂ ಮಾಸ್ಟ್ರ ಹೆಂಡತಿಯನ್ನೂ ಸೇರಿಸಿಕೊಂಡು, ಬೀರು ಸರಿಸಿದ ಹಾಗೆ ಒಂದೊಂದೇ ಮೂಲೆ ಎತ್ತಿ ಅವರನ್ನು ನಿಲ್ಲಿಸಿದರು.

ವಿಷಯ ಮುಚ್ಚಿಡಲಾಗಲಿಲ್ಲ. ಮಾಸ್ಟ್ರಿಗೂ ಎರಡು ಇಂಚು ಬೆಳೆದಿದೆ ಎಂದು ಕೇಳಿ ಇಬ್ಬರಿಗೂ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಹವಾಲ್ದಾರರು ಅಲ್ಲೇ ಅಧಿಕಾರ ವಹಿಸಿಕೊಂಡರು. “ಬಸ್ಕಿ ಹೊಡೀರಿ. ಐವತ್ತು. ಕ್ಯಾಷಿಯರ್ ಸಾಹೇಬ್ರೇ, ನೀವು ಎಣಿಸಿ.”

ಇಲ್ಲೇ ತಪ್ಪಾದದ್ದು. ಕ್ಯಾಷಿಯರರು ಬದುಕಿನಲ್ಲಿ ಯಾವುದನ್ನೂ ಎರಡು ಸಲ ಎಣಿಸದೆ ಬಿಟ್ಟವರಲ್ಲ. “ಹತ್ತು,” ಎಂದು ನಿಲ್ಲಿಸಿ, “ಎಲ್ಲಿ, ಇನ್ನೊಂದು ಸಲ ಮೊದಲಿಂದ,” ಎನ್ನುತ್ತಿದ್ದರು.

“ಹೊಡೆದಾಯ್ತಲ್ರೀ ಹತ್ತು,” ಎಂದು ಮಾಸ್ಟ್ರು ಏದುಸಿರು ಬಿಟ್ಟರು.

“ಏಳನೇದು ನನಗ್ಯಾಕೋ ಅನುಮಾನ. ಪೂರ್ತಿ ಕೂತಿರಲಿಲ್ಲ.”

ಮಂಡಿಗಳು ತುಕ್ಕು ಹಿಡಿದ ಬಾಗಿಲಿನ ಹಾಗೆ ಕಿರುಗುಟ್ಟಿದವು. ಮಧ್ಯಾಹ್ನ ಊಟದ ಬದಲು ಹವಾಲ್ದಾರರು ಎರಡು ಲೋಟ ಬಿಸಿನೀರು ಕೊಡಿಸಿದರು. ಮೂರು ಗಂಟೆಯ ಹೊತ್ತಿಗೆ ಮಾಸ್ಟ್ರು ಬಸ್ಕಿಯ ನಡುವೆಯೇ ಕುಸಿದರು. ಕೊರಳಲ್ಲಿದ್ದ ಟೇಪು ಹಾರಿ ಬೀರುವಿನ ಅಡಿಗೆ ಹೋಯಿತು. ಯಾರೂ ಗಮನಿಸಲಿಲ್ಲ.

ನಾಲ್ಕಕ್ಕೆ ಹವಾಲ್ದಾರರು, “ಸಾಕು. ಈಗ ಅಳತೆ,” ಎಂದರು. ಟೇಪು ಎಲ್ಲಿ? ದರ್ಜಿಯ ಮನೆಯಲ್ಲಿ ಟೇಪು ಇಲ್ಲ ಎಂದರೆ ನಗೆಪಾಟಲು. ಮಾಸ್ಟ್ರ ಹೆಂಡತಿ ಹೋಗಿ, ಗಾಳಿಗೆ ಬಡಿಯದಿರಲೆಂದು ಕಿಟಕಿಯ ಬಾಗಿಲಿಗೆ ಕಟ್ಟಿದ್ದ ಹಳೆಯ ಟೇಪನ್ನು ಬಿಚ್ಚಿ ತಂದರು. ಅಂಕಿಗಳು ಮಾಸಿವೆ ಎಂದು ಮೂರು ವಾರದ ಹಿಂದೆ ಅವರೇ ಹೊಸದನ್ನು ಕೊಂಡು ತಂದು ಇದನ್ನು ಕಿಟಕಿಗೆ ಕಟ್ಟಿದ್ದರು.

ಹವಾಲ್ದಾರರು ಸುತ್ತಿದರು. ಕಣ್ಣುಜ್ಜಿ ನೋಡಿದರು. “ನಲವತ್ತು.”

ಕ್ಯಾಷಿಯರರು ತಮ್ಮ ಅಭ್ಯಾಸದಂತೆ ಇನ್ನೊಂದು ಸಲ ಅಳೆದರು. ನಲವತ್ತೇ. ಆಸೆ ತಡೆಯದೆ ತಮ್ಮ ಸೊಂಟಕ್ಕೂ ಸುತ್ತಿಕೊಂಡರು. ಮೂವತ್ತಾರು.

“ನಾನು ಬರೀ ಎಣಿಸಿದ್ದು,” ಎಂದರು, ಕಣ್ಣಲ್ಲಿ ನೀರು ತುಂಬಿ.

“ಎರಡೆರಡು ಸಲ ಎಣಿಸಿದ್ರಲ್ಲ, ಅದೂ ಶ್ರಮವೇ,” ಎಂದು ಹವಾಲ್ದಾರರು ಟೇಪು ಕಿತ್ತುಕೊಂಡು ತಮ್ಮನ್ನು ಅಳೆದುಕೊಂಡರು. ಮೂವತ್ತೆರಡು. “ನೋಡಿದ್ರಾ? ಹೇಳಿಕೊಡೋದ್ರಿಂದಲೂ ಕರಗುತ್ತೆ. ಇದು ಎಲ್ರಿಗೂ ಗೊತ್ತಾಗಬೇಕು.” ಇಬ್ಬರೂ ಹುಡುಗರ ಹಾಗೆ ಮೆಟ್ಟಿಲಿಳಿದು ಓಡಿದರು.

ಮಾಸ್ಟ್ರು ಬಾಗಿಲು ಹಾಕಿ, ಹೊಸ ಪ್ಯಾಂಟು ಏರಿಸಿದರು. ಗುಂಡಿ, ಕಾಜ. ಬೆಳಿಗ್ಗೆ ಇದ್ದಷ್ಟೇ ದೂರ.

ಅವರು ದಡ್ಡರಲ್ಲ. ಕೋಲು ಹಾಕಿ ಬೀರುವಿನಡಿಯಿಂದ ಹೊಸ ಟೇಪನ್ನು ಎಳೆದು, ಮೇಜಿನ ಮೇಲೆ ಎರಡನ್ನೂ ಅಕ್ಕಪಕ್ಕ ಮಲಗಿಸಿದರು. ಹಳೆಯದರ ನಲವತ್ತು, ಹೊಸದರ ನಲವತ್ತೆರಡರ ಪಕ್ಕ ಹೋಗಿ ನಿಂತಿತು. ಇಪ್ಪತ್ತೈದು ವರ್ಷ ಗಿರಾಕಿಗಳ ಹೊಟ್ಟೆ ಸುತ್ತಿ ಸುತ್ತಿ ಪಾಪದ ಟೇಪು ಹಿಗ್ಗಿಹೋಗಿತ್ತು. ಅಳೆದದ್ದೂ ಅದರಲ್ಲೇ, ಕತ್ತರಿಸಿದ್ದೂ ಅದರಲ್ಲೇ ಆದ್ದರಿಂದ ಸುಳ್ಳಿಗೆ ಸುಳ್ಳು ಸರಿಹೋಗಿ ಬಟ್ಟೆ ಮೈಗೆ ಕೂತಿತ್ತು. ಈ ಮೂರು ವಾರ ಮಾತ್ರ ಪುಸ್ತಕದಲ್ಲಿದ್ದ ಹಳೆಯ ಸುಳ್ಳನ್ನು ಹೊಸ ಟೇಪಿನ ಸತ್ಯದಿಂದ ಕತ್ತರಿಸಿದ್ದರು. ಯಾರ ಹೊಟ್ಟೆಯೂ ಬೆಳೆದಿರಲಿಲ್ಲ. ಹದಿನಾಲ್ಕು ಪ್ಯಾಂಟುಗಳು ಕುಗ್ಗಿದ್ದವು.

“ಐದಾಯ್ತು,” ಎಂದರು ಹೆಂಡತಿ. “ಕೈ ಎತ್ತಿ.” ಅವರು ಹೊಸ ಪ್ಯಾಂಟಿನ ಬಾಯನ್ನು ಹಳೆಯ ಟೇಪಿನಿಂದ ಬಿಗಿಯಾಗಿ ಕಟ್ಟಿ, ಮೇಲೊಂದು ಹಳೆಯ ಕೋಟು ತೊಡಿಸಿದರು. “ಬಗ್ಗಬೇಡಿ. ಕೆಮ್ಮಬೇಡಿ.”

ಸಂಘದ ಹಿರಿಯರು ಪ್ಯಾಂಟಿನ ಪಕ್ಕದ ಹೊಲಿಗೆಯ ಮೇಲೆ ಬೆರಳಾಡಿಸಿ, “ಒಂದು ತೂತಿಲ್ಲ,” ಎಂದು ತಲೆದೂಗಿದರು. ಚಪ್ಪಾಳೆ. ಮಾಸ್ಟ್ರು ಉಸಿರು ಹಿಡಿದು ನಿಂತರು. ಇನ್ನೇನು ಇಳಿಯಬೇಕು, ಅಷ್ಟರಲ್ಲಿ ಸಭೆಯ ನಡುವಿನಿಂದ ಹವಾಲ್ದಾರರು ಎದ್ದರು.

“ಗಿರಾಕಿಗೆ ಸರಿಯಾಗಿ ಬಟ್ಟೆ ಮಾಡೋರು ಎಲ್ಲ ಕಡೆ ಇದಾರೆ. ಬಟ್ಟೆಗೆ ಸರಿಯಾಗಿ ಗಿರಾಕಿನ ಮಾಡೋರು ಇವರೊಬ್ಬರೇ. ಒಂದೇ ದಿನಕ್ಕೆ ಎರಡು ಇಂಚು ಕರಗಿಸಿದಾರೆ. ನಾವು ಕಣ್ಣಾರೆ ಅಳೆದಿದೀವಿ.”

“ಎರಡು ಸಲ,” ಎಂದರು ಕ್ಯಾಷಿಯರರು.

“ಮಾಸ್ಟ್ರು ಒಂದು ಬಸ್ಕಿ ಹೊಡೆದು ತೋರಿಸಲಿ,” ಎಂದು ಯಾರೋ ಕೂಗಿದರು.

ಮಾಸ್ಟ್ರ ಕೈ ತಾನಾಗಿ ಸೊಂಟದ ಗಂಟಿನ ಮೇಲೆ ಹೋಯಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು: “ಈಗ ಆಗಲ್ಲ. ವ್ಯಾಯಾಮ ಬೆಳಿಗ್ಗೆ ಹೊತ್ತೇ ಮಾಡಬೇಕು.”

“ಹಾಗಾದ್ರೆ ನಾಳೆ ಬೆಳಿಗ್ಗೆ ಐದೂವರೆಗೆ,” ಎಂದರು ಹವಾಲ್ದಾರರು. “ಮಾಸ್ಟ್ರ ಮನೇಲಿ. ದಿನಾ. ಯಾರ್ಯಾರು ಬರ್ತೀರಿ, ಕೈ ಎತ್ತಿ.”

ಸನ್ಮಾನ ನೋಡಲು ಬಂದಿದ್ದ ಗಿರಾಕಿಗಳ ಎದ್ದ ಕೈಗಳನ್ನು ಮಾಸ್ಟ್ರು ವೇದಿಕೆಯಿಂದ ನೋಡಿದರು. ಒಂದೊಂದರ ಕೆಳಗೂ ಮೂರು ವಾರದೊಳಗೆ ಹೊಲಿದ ಒಂದೊಂದು ಪ್ಯಾಂಟು ನೆನಪಾಯಿತು. ಇಲ್ಲ ಎಂದರೆ ನಿಜ ಹೇಳಬೇಕು. ನಿಜ ಹೇಳಿದರೆ ಹದಿನಾಲ್ಕನ್ನೂ ಬಿಚ್ಚಬೇಕು, ಬೋರ್ಡು ಇಳಿಸಬೇಕು. ಇವರೆಲ್ಲರ ಸೊಂಟವನ್ನು ನಿಜವಾಗಿಯೂ ಎರಡೆರಡು ಇಂಚು ಇಳಿಸಿಬಿಟ್ಟರೆ ಏನನ್ನೂ ಬಿಚ್ಚಬೇಕಿಲ್ಲ. ತಲೆಯಾಡಿಸಿ ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೆ ಪ್ಯಾಂಟಿನ ಉದ್ದ ನೆನಪಾಯಿತು. ಹೊಟ್ಟೆಯೇನೋ ಕರಗಬಹುದು. ಕಾಲು ಎರಡು ಇಂಚು ಮೋಟಾಗುವ ವ್ಯಾಯಾಮ ಹವಾಲ್ದಾರರಿಗೂ ತಿಳಿದಿರಲಾರದು.

ಮನೆಗೆ ಬಂದು ಕೋಟು ಬಿಚ್ಚುವಾಗ ನೋಡಿದರೆ, ಮೇಜಿನ ಮೇಲಿನ ಗಡಿಯಾರದ ಅಲಾರಂ ಆಗಲೇ ಐದಕ್ಕೆ ತಿರುಗಿತ್ತು. ಸಭೆಗೆ ಹೊರಡುವಾಗ ಕೊನೆಗೆ ಉಳಿದು ಬೀಗ ಹಾಕಿದವರು ಹೆಂಡತಿ.

“ಕಿಟಕಿಗೆ ಕಟ್ಟೋಕೆ ಬೇರೆ ದಾರ ಇರಲಿಲ್ವೇನೇ?” ಎಂದು ಕೇಳಿದರು ಮಾಸ್ಟ್ರು.

“ದರ್ಜಿ ಮನೇಲಿ ದಾರಕ್ಕೆ ಬರವೇ?” ಎಂದು ಅವರು ಸೊಂಟದ ಗಂಟು ಬಿಚ್ಚಿ, ಹಳೆಯ ಟೇಪನ್ನು ಒಯ್ದು ಮತ್ತೆ ಕಿಟಕಿಗೆ ಕಟ್ಟಿದರು.

ಆ ಟೇಪು ಹಿಗ್ಗಿರುವುದು ಅವರಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಮಾಸ್ಟ್ರಿಗೂ ಗೊತ್ತಾಗಿಲ್ಲ. ದಿನಾ ಐದಕ್ಕೆ ಎದ್ದು ಬಸ್ಕಿ ಹೊಡೆಯುವವನಿಗೆ ಇಂಥದ್ದನ್ನೆಲ್ಲ ಕೇಳುವಷ್ಟು ಉಸಿರು ಉಳಿಯುವುದಿಲ್ಲ.