ಸರ್ವರ್ ನಿಲ್ಲಿಸದೆ ಕಳೆದ ಒಂದು ವರ್ಷ

ಯಂತ್ರ ನಿಲ್ಲಬಾರದು ಎಂದು ಯಾರಾದರೂ ಅಪ್ಪಣೆ ಕೊಟ್ಟರೆ ಸಾಕು, ಅವತ್ತಿನಿಂದ ಅದರ ಸುತ್ತ ನಗೆಗೇಡಿನ ಪ್ರಸಂಗಗಳೂ ನಿಲ್ಲುವುದಿಲ್ಲ. ಮುಲುಂಡಿನ ನಮ್ಮ ಸೊಸೈಟಿಯ ಬೆಂಚಿನಲ್ಲಿ ಕೂರುವ ನಿವೃತ್ತರಲ್ಲಿ ಕೋರ್ಟಿನಲ್ಲಿದ್ದವರು ಕೊಲೆಯ ಕಥೆ ಹೇಳುತ್ತಾರೆ, ರೈಲ್ವೆಯಲ್ಲಿದ್ದವರು ಟಿಕೆಟ್ ಇಲ್ಲದವರ ಕಥೆ ಹೇಳುತ್ತಾರೆ. ನನ್ನ ಸರದಿ ಬಂದಾಗ ‘ನೀವು ಕಂಪ್ಯೂಟರಿನವರು, ನಿಮ್ಮಲ್ಲಿ ಏನಿರುತ್ತೆ ಬಿಡಿ’ ಎಂದು ಎದ್ದು ಹೋಗುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಓದುವವರು ಅರ್ಧಕ್ಕೆ ಎದ್ದು ಹೋದರೂ ನನಗೆ ಕಾಣಿಸುವುದಿಲ್ಲ.

೧. ಐದು ನಿಮಿಷ ಕೇಳಲು ಹೋದದ್ದು

ಫೋರ್ಟಿನಲ್ಲಿ ನಮ್ಮ ಆಫೀಸು. ಪಂಪು, ಮೋಟಾರುಗಳ ಬಿಡಿಭಾಗಗಳನ್ನು ಊರೂರಿಗೆ ಕಳಿಸುವ ಕಂಪನಿ. ಎಲ್ಲ ಶಾಖೆಗಳ ಆರ್ಡರುಗಳೂ ಬಂದು ಬೀಳುವುದು ನಮ್ಮ ಕೋಣೆಯ ಒಂದೇ ಸರ್ವರಿಗೆ. ಅದನ್ನು ನೋಡಿಕೊಳ್ಳುವವರು ಮೂವರು: ಉಡುಪಿ ಕಡೆಯ ಮ್ಯಾನೇಜರು, ನಾನು, ಮತ್ತೆ ಮುಲುಂಡಿನಲ್ಲೇ ಹುಟ್ಟಿ ಬೆಳೆದು ನನ್ನನ್ನು ಅಂಕಲ್ ಎನ್ನುತ್ತಿದ್ದ ಒಬ್ಬ ಹುಡುಗಿ. ಹುಡುಗಿ ಎಂದೆ, ಆಕೆಯ ಮಗಳೇ ಒಂದನೇ ಕ್ಲಾಸಿನಲ್ಲಿದ್ದಳು.

ಸರ್ವರ್ ಎಷ್ಟು ಜನರನ್ನು ಒಳಗೆ ಬಿಡಬೇಕು, ಯಾರಿಗಾಗಿ ಎಷ್ಟು ಹೊತ್ತು ಕಾಯಬೇಕು ಎಂಬುದನ್ನೆಲ್ಲ ಬರೆದಿಟ್ಟ ಒಂದು ಪಟ್ಟಿ ಇರುತ್ತದೆ. ಕಾನ್ಫಿಗರೇಶನ್ ಎಂದರೆ ಅದೇ. ನಾವು ಸರ್ವರ್ ನಿಲ್ಲಿಸಿ, ಪಟ್ಟಿ ತಿದ್ದಿ, ಮತ್ತೆ ಶುರು ಮಾಡುತ್ತಿದ್ದೆವು. ಐದು ನಿಮಿಷದ ಕೆಲಸ. ಅಷ್ಟಕ್ಕೇ ಶಾಖೆಗಳಿಂದ ಪತ್ರಗಳು ಬರುತ್ತಿದ್ದವು.

ಮ್ಯಾನೇಜರು ಧೈರ್ಯ ಮಾಡಿ ಡೈರೆಕ್ಟರ ಹತ್ತಿರ ಹೋದರು. ರೈಲ್ವೆಯವರೇ ಭಾನುವಾರ ಮೆಗಾಬ್ಲಾಕ್ ಎಂದು ರೈಲು ನಿಲ್ಲಿಸಿ ಹಳಿ ರಿಪೇರಿ ಮಾಡುತ್ತಾರೆ, ನಮಗೂ ತಿಂಗಳಿಗೆ ಐದು ನಿಮಿಷ ಕೊಡಿ ಎಂದು ಕೇಳಿದರು. ಡೈರೆಕ್ಟರು, ರೈಲು ನಿಂತರೆ ಜನ ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಾರೆ, ನಮ್ಮ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ ಎಂದರು. ಮಾತು ಬೆಳೆಯಿತು. ಕೊನೆಗೆ ಡೈರೆಕ್ಟರು ಷರತ್ತು ಹಾಕಿದರು. ಒಂದು ವರ್ಷ ಸರ್ವರ್ ಒಮ್ಮೆಯೂ ನಿಲ್ಲಬಾರದು, ಶಾಖೆಗಳಿಂದ ಬರಹದಲ್ಲಿ ಒಂದು ದೂರೂ ಬರಬಾರದು. ಬಂದರೆ ಕೆಲಸ ಹೊರಗಿನ ಕಂಪನಿಗೆ, ಮೂವರೂ ನಾಗಪುರದ ಗೋಡೌನಿಗೆ.

ನನಗೇನು, ನಿವೃತ್ತಿ ಹತ್ತಿರ ಬಂದಿತ್ತು, ನಾಗಪುರದಲ್ಲಿ ಕಿತ್ತಳೆ ತಿಂದುಕೊಂಡು ಇರುತ್ತಿದ್ದೆ. ಆ ಹುಡುಗಿಗೆ ಹಾಗಲ್ಲ. ಗಂಡನ ಕೆಲಸ ಠಾಣೆಯಲ್ಲಿ, ಮಗಳ ಶಾಲೆ ಮುಲುಂಡಿನಲ್ಲಿ, ಅತ್ತೆಗೆ ಮೊಣಕಾಲು ನೋವು. ಸುದ್ದಿ ಕೇಳಿ ಡಬ್ಬಿ ಮುಚ್ಚಿಟ್ಟಳು, ಊಟ ಮಾಡಲಿಲ್ಲ.

ಮ್ಯಾನೇಜರು ಕುರ್ಚಿಯಲ್ಲಿ ಕುಸಿದು ಹೇಳಿದರು: “ಎಂತ ಮಾಡುದು ಮಾರಾಯ್ರೆ, ಐದು ನಿಮಿಷ ಕೇಳ್ಲಿಕ್ಕೆ ಹೋಗಿ ಒಂದು ವರ್ಷ ಕೊಟ್ಟು ಬಂದೆ.”

೨. ಮ್ಯಾನೇಜರರ ಸ್ವಹಸ್ತ

ಆಮೇಲೆ ಪಟ್ಟಿಯನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಮ್ಯಾನೇಜರು ಮಾತ್ರ ಆಗಾಗ ಹೇಳಿಕೊಳ್ಳುತ್ತಿದ್ದರು, ನೀವೆಲ್ಲ ಸುಮ್ಮನೆ ಹೆದರುತ್ತೀರಿ, ನಾನು ಸಂಕ್ರಾಂತಿಯ ಹೊತ್ತಿಗೇ ಅದರಲ್ಲಿ ಎರಡು ಸಾಲು ತಿದ್ದಿದ್ದೇನೆ, ಅವತ್ತಿನಿಂದ ಸರ್ವರ್ ಇನ್ನೂ ಚೆನ್ನಾಗಿ ಓಡುತ್ತಿದೆ, ಎಂದು. ಬೇರೆ ವಿಭಾಗದವರು ಬಂದರೆ ಅವರಿಗೂ ಹೇಳುತ್ತಿದ್ದರು.

ಮಳೆಗಾಲದ ಒಂದು ಮಧ್ಯಾಹ್ನ ಆ ಹುಡುಗಿ ಪಟ್ಟಿಯನ್ನು ತೆರೆದು ನೋಡಿದಳು. ನೋಡಿದವಳು ನನ್ನನ್ನು ಕರೆದಳು. ಮ್ಯಾನೇಜರು ತಿದ್ದಿದ ಎರಡು ಸಾಲುಗಳಲ್ಲಿ ಒಂದು ಪೂರ್ತಿ ತಪ್ಪು, ಇನ್ನೊಂದು ಅರ್ಧ ತಪ್ಪು. ಅದನ್ನು ಓದಿದ ಯಾವ ಸರ್ವರೂ ಬದುಕುವಂತಿರಲಿಲ್ಲ. ಆದರೆ ಸರ್ವರ್ ಪಟ್ಟಿಯನ್ನು ಓದುವುದು ಶುರುವಾಗುವಾಗ ಒಮ್ಮೆ, ಆಮೇಲೆ ‘ಮತ್ತೆ ಓದು’ ಎಂದು ನಾವು ಹೇಳಿದಾಗ. ಅಲ್ಲಿಯತನಕ ಹಳೆಯದನ್ನೇ ಜ್ಞಾಪಕದಲ್ಲಿ ಇಟ್ಟುಕೊಂಡು ನಡೆಯುತ್ತದೆ. ಮ್ಯಾನೇಜರು ತಿದ್ದಿದ್ದರು, ಓದು ಎಂದು ಹೇಳುವುದನ್ನು ಮರೆತಿದ್ದರು.

ಅವರಿಗೆ ತಿಳಿಸುವುದು ಹೇಗೆ ಎಂದು ನಾನು ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಅವರೇ ಬಂದು ಬೆನ್ನ ಹಿಂದೆ ನಿಂತು, ನೋಡಿ, ನನ್ನ ಸಾಲುಗಳು, ಆರು ತಿಂಗಳಿಂದ ಒಂದು ತೊಂದರೆ ಉಂಟಾ ಎಂದು ಕೇಳಿದರು.

ಹುಡುಗಿ ತನ್ನ ತಡವರಿಸುವ ಕನ್ನಡದಲ್ಲಿ ವಿನಯದಿಂದಲೇ ಹೇಳಿದಳು: “ಇಲ್ಲ ಸರ್. ಆರು ತಿಂಗಳಿಂದ ಸರ್ವರ್ ನಿಮ್ಮ ಮಾತು ಕೇಳಿಲ್ಲ, ಇಸೀಲಿಯೇ, ಅದಕ್ಕೇ ನಡೀತಾ ಇದೆ.”

೩. ಎರಡನೆಯ ಬಟ್ಟಲು ಸಾಂಬಾರು

ಹತ್ತು ತಿಂಗಳು ಹೀಗೇ ದೂಡಿದೆವು. ಶಾಖೆಗಳು ಹೆಚ್ಚಾದವು, ಸರ್ವರ್ ಏದುಸಿರು ಬಿಡತೊಡಗಿತು. ಪಟ್ಟಿ ಬದಲಾಯಿಸಲೇಬೇಕಾಯಿತು, ನಿಲ್ಲಿಸುವಂತಿಲ್ಲ. ಅದಕ್ಕೊಂದು ದಾರಿ ಇದೆ ಎಂದು ನಾನು ಮ್ಯಾನೇಜರಿಗೆ ಹೇಳಿದೆ. ಅವರು ನಂಬಲಿಲ್ಲ. ಓಡುವ ಲೋಕಲ್ ರೈಲಿನ ಚಕ್ರ ಬದಲಿಸುತ್ತೀರಾ ಎಂದರು.

ದಾರಿ ತೋರಿಸಿದ್ದು ಕೆಳಗಿನ ಉಡುಪಿ ಹೋಟೆಲು. ಅವತ್ತು ನಾವಿಬ್ಬರೂ ಇಡ್ಲಿ ತಿನ್ನುತ್ತಿದ್ದಾಗಲೇ ಮಾಲೀಕರು ಗೋಡೆಗೆ ಒಂದು ಬೋರ್ಡು ತಗುಲಿಸಿದರು: ಇನ್ನು ಮೇಲೆ ಎರಡನೆಯ ಬಟ್ಟಲು ಸಾಂಬಾರು ಇಲ್ಲ. ಗಲಾಟೆ ಶುರುವಾಯಿತು. ಮಾಲೀಕರು ದುಡ್ಡಿನ ಗಲ್ಲೆಯಲ್ಲಿ ಕೂತೇ ತೀರ್ಪು ಕೊಟ್ಟರು: ಈಗಾಗಲೇ ಕೂತವರಿಗೆ ಹಳೆಯ ಪದ್ಧತಿ, ಬಾಗಿಲಿಂದ ಒಳಗೆ ಬರುವವರಿಗೆ ಹೊಸದು.

ನಾನು ಚಮಚ ಕೆಳಗಿಟ್ಟು, “ಸರ್, ಇಷ್ಟೇ. ಹೋಟೆಲು ಮುಚ್ಚಲಿಲ್ಲ, ಯಾರನ್ನೂ ಎಬ್ಬಿಸಲಿಲ್ಲ. ಹಳಬರು ಎದ್ದು ಹೋದಂತೆ ಹಳೆಯ ನಿಯಮ ತಾನಾಗಿಯೇ ಮುಗಿಯುತ್ತೆ” ಎಂದೆ. ಮ್ಯಾನೇಜರ ಮುಖ ಅರಳಿತು.

ಆದರೆ ಮೂಲೆಯ ಮೇಜಿನಲ್ಲಿ ಒಬ್ಬ ಮಹನೀಯರು ಏಳುವ ಲಕ್ಷಣವೇ ಇರಲಿಲ್ಲ. ಐದನೆಯ ಬಟ್ಟಲು ತರಿಸಿದರು. ಆರನೆಯದಕ್ಕೂ ಕೈ ಎತ್ತಿದರು.

“ಇವ ಏಳುವ ತನಕ ಹಳೆ ನಿಯಮ ಮುಗಿಯುದಿಲ್ಲ ಅಲ್ವಾ?” ಎಂದರು ಮ್ಯಾನೇಜರು.

ಏಳುತ್ತಾರೆ ಸರ್, ಆಫೀಸಿಗೆ ಹೋಗಬೇಕಲ್ಲ ಎಂದೆ.

“ಯಾವ ಆಫೀಸು ಮಾರಾಯ್ರೆ? ಅವ ನಮ್ಮ ಅಕೌಂಟ್ಸಿನವ.”

೪. ದಹಿಸರ್‌ನಲ್ಲಿ ಉಳಿದ ಒಬ್ಬ

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಹೊಸ ಪಟ್ಟಿಯನ್ನು ಮೂರು ಸಲ ತಪಾಸಣೆ ಮಾಡಿ, ಸರ್ವರಿಗೆ ‘ಮತ್ತೆ ಓದು’ ಎಂದೆವು. ಅದು ಓದಿತು. ಹೊಸಬರು ಹೊಸ ನಿಯಮದಲ್ಲಿ ಒಳಗೆ ಬಂದರು, ಹಳಬರು ಕೆಲಸ ಮುಗಿಸಿ ಒಬ್ಬೊಬ್ಬರಾಗಿ ಹೊರಗೆ ಹೋದರು. ಸಂಜೆಯ ಹೊತ್ತಿಗೆ ಉಳಿದದ್ದು ಒಬ್ಬರು.

“ಅಂಕಲ್, ಒಂದು ಹಳೇದು ಹೋಗ್ತಾನೇ ಇಲ್ಲ, ಅಟಕ್ ಗಯಾ,” ಎಂದಳು ಹುಡುಗಿ.

ನೋಡಿದರೆ ದಹಿಸರ್ ಗೋಡೌನಿನ ಸ್ಟೋರ್ ಕೀಪರು. ಅವರೊಬ್ಬರಿಗೋಸ್ಕರ ಹಳೆಯ ವ್ಯವಸ್ಥೆ ಅರ್ಧ ಜಾಗ ಹಿಡಿದು ಕೂತಿತ್ತು. ಇನ್ನೆರಡು ದಿನ ಹೀಗೇ ಇದ್ದರೆ ಸರ್ವರ್ ಉಸಿರುಕಟ್ಟಿ ತಾನೇ ನಿಲ್ಲುತ್ತಿತ್ತು. ನಾವೇ ಅವರನ್ನು ಹೊರಗೆ ಹಾಕೋಣವೆಂದರೆ, ಇಡೀ ಕಂಪನಿಯಲ್ಲಿ ದೂರಿನ ಪತ್ರಕ್ಕೆ ಹೆಸರಾದವರು ಅವರು. ಒಂದು ಫ್ಯಾನು ಸದ್ದು ಮಾಡಿದ್ದಕ್ಕೆ ಮೂರು ಪತ್ರ ಬರೆದಿದ್ದರು. ಫೋನು ಮಾಡಿ ಹೊರಗೆ ಬನ್ನಿ ಎಂದರೆ, ಕೆಲಸ ನಡದೈತಿ, ಕೈ ಹಚ್ಚಬ್ಯಾಡ್ರಿ ಎಂದು ಇಟ್ಟುಬಿಟ್ಟರು. ಹುಡುಗಿ ನಾಗಪುರದ ಶಾಲೆಗಳ ಬಗ್ಗೆ ಯಾರನ್ನೋ ವಿಚಾರಿಸುತ್ತಿದ್ದುದು ನನ್ನ ಕಿವಿಗೆ ಬಿತ್ತು.

ಮರುದಿನ ನಾನೇ ಚರ್ಚ್‌ಗೇಟಿನಿಂದ ಲೋಕಲ್ ಹತ್ತಿದೆ. ಸ್ಟೋರ್ ಕೀಪರು ವಿಜಯಪುರದ ಕಡೆಯವರು, ಮನೆಯಲ್ಲಿ ದಖನಿ ಉರ್ದು, ನನ್ನ ಹತ್ತಿರ ಕನ್ನಡ. ಅವರ ಮೇಜು ಗೋಡೌನಿನ ಯುಪಿಎಸ್‌ಗೆ ಅಂಟಿಕೊಂಡಂತೆ ಇತ್ತು. ಕರೆಂಟು ಹೋದರೂ ಕಂಪ್ಯೂಟರು ಆರಬಾರದೆಂದು ಮೇಜನ್ನೇ ಅಲ್ಲಿಗೆ ಎಳೆಸಿಕೊಂಡಿದ್ದರಂತೆ. ಚಹಾ ತರಿಸಿದರು, ಬಾಗಿಲು ಮುಂದೆ ಮಾಡಿದರು, ದನಿ ತಗ್ಗಿಸಿದರು.

“ಸಾಹೇಬ್ರ, ಹೊರಗ ಬಂದ್ರ ಮತ್ತ ಒಳಗ ಹೋಗಾಕ ಬರಂಗಿಲ್ರಿ. ಪಾಸ್‌ವರ್ಡ್ ಮರ್ತೀನಿ.”

ಯಾವಾಗ ಮರೆತಿರಿ ಎಂದೆ.

“ಹಾಕಿದ ದಿನಾನ.”

ಹತ್ತು ತಿಂಗಳಿಂದ ಅವರು ಹೊರಗೆ ಬಂದೇ ಇರಲಿಲ್ಲ. ಸಂಜೆ ಕಂಪ್ಯೂಟರಿನ ಪರದೆ ಮಾತ್ರ ಆರಿಸಿ ಮೇಲೆ ಟವಲು ಹೊದಿಸಿ ಮನೆಗೆ ಹೋಗುತ್ತಿದ್ದರು. ಎಲ್ಲದಕ್ಕೂ ಪತ್ರ ಬರೆಯುವವರು ಇದಕ್ಕೊಂದು ಬರೆಯಬಾರದಿತ್ತೇ ಎಂದು ಕೇಳಿದೆ.

“ಬರದ್ರ ಅದರ ಕಾಪಿ ಡೈರೆಕ್ಟರ್ ಸಾಹೇಬ್ರಿಗೆ ಹೋಗತೈತ್ರಿ.”

“ಯಾರು ಕಳಿಸ್ತಾರೆ ಕಾಪಿ?”

“ನಾನ ಕಳಸ್ತೀನಿ. ಮೊದಲಿಂದ ಪದ್ಧತಿ ಐತಿ.”

ಅಲ್ಲಿಂದಲೇ ಹುಡುಗಿಗೆ ಫೋನು ಮಾಡಿ ಹೊಸ ಪಾಸ್‌ವರ್ಡ್ ಹಾಕಿಸಿದೆ. ಸ್ಟೋರ್ ಕೀಪರು ಅದನ್ನು ಎರಡು ಚೀಟಿಗಳಲ್ಲಿ ಬರೆದುಕೊಂಡರು, ಬಿಸ್ಮಿಲ್ಲಾ ಎಂದು ಕಣ್ಣು ಮುಚ್ಚಿ ಗುಂಡಿ ಒತ್ತಿದರು. ಫೋನಿನಲ್ಲಿ ಹುಡುಗಿಯ ದನಿ ಕೇಳಿತು: “ಗಯಾ ಅಂಕಲ್, ಹಳೇದು ಹೋಯ್ತು.” ಹಿಂದೆಯೇ ಊಟದ ಡಬ್ಬಿಯ ಮುಚ್ಚಳ ಬಿಚ್ಚಿದ ಸದ್ದು ಬಂತು.

ವರ್ಷ ಮುಗಿಯಿತು. ಸರ್ವರ್ ನಿಲ್ಲಲಿಲ್ಲ, ದೂರು ಬರಲಿಲ್ಲ, ನಾವು ಫೋರ್ಟಿನಲ್ಲೇ ಉಳಿದೆವು. ವರದಿಯ ಕೊನೆಗೆ, ಯಾರು ಎಷ್ಟು ಗಂಟೆ ಒಳಗಿದ್ದರು ಎಂಬ ಲೆಕ್ಕವನ್ನು ಕಂಪ್ಯೂಟರು ತಾನೇ ಸೇರಿಸಿತ್ತು. ಡೈರೆಕ್ಟರ ಕಣ್ಣು ದಹಿಸರ್ ಮೇಲೆ ಬಿತ್ತು. ಹಗಲು, ರಾತ್ರಿ, ಭಾನುವಾರ, ಈದ್, ದೀಪಾವಳಿ, ಮೊದಲ ಹತ್ತು ತಿಂಗಳಲ್ಲಿ ಒಂದು ದಿನವೂ ತಪ್ಪಿಲ್ಲ. ಸ್ಟೋರ್ ಕೀಪರನ್ನು ಕರೆಸಿ ಶಾಲು ಹೊದಿಸಿದರು. ಇಂಥ ನಿಷ್ಠೆ ಹೇಗೆ ಬಂತು ಎಂದು ಕೇಳಿದರು.

ಅವರು ತಲೆ ತಗ್ಗಿಸಿ ಇದ್ದದ್ದನ್ನೇ ಹೇಳಿದರು: “ಒಮ್ಮೆ ಒಳಗ ಹೋದಮ್ಯಾಲ ಹೊರಗ ಬರೂ ಧೈರ್ಯ ಆಗಲಿಲ್ರಿ.”

ಡೈರೆಕ್ಟರಿಗೆ ಕನ್ನಡ ಬಾರದು. ಮ್ಯಾನೇಜರು ಹಿಂದಿಗೆ ತಿರುಗಿಸುವಾಗ ಅದನ್ನು ಇನ್ನಷ್ಟು ಚಂದ ಮಾಡಿದರು. ಡೈರೆಕ್ಟರ ಕಣ್ಣು ತೇವವಾಯಿತು.

ಮರುವಾರ ಸುತ್ತೋಲೆ ಬಂತು. ದಹಿಸರ್‌ನ ಆದರ್ಶವನ್ನು ಎಲ್ಲ ನಲವತ್ತೆರಡು ಶಾಖೆಗಳೂ ಪಾಲಿಸಬೇಕು, ಇನ್ನು ಮೇಲೆ ಯಾರೂ ಸರ್ವರಿನಿಂದ ಹೊರಗೆ ಬರಕೂಡದು.

ಮ್ಯಾನೇಜರು ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು. “ಮಾರ್ಚಿನಲ್ಲಿ ಪಟ್ಟಿ ಮತ್ತೆ ಬದಲಿಸ್ಲಿಕ್ಕುಂಟಲ್ಲ ಮಾರಾಯ್ರೆ?”

“ಇದೆ ಸರ್,” ಎಂದೆ. “ಫೆಬ್ರವರಿಗೇ ನಾನು ಹೊರಗೆ ಬರುತ್ತೇನೆ.”