ಐದು ಅಕ್ಷರ, ಆರು ಅವಕಾಶ, ನಲವತ್ತು ಹೋಳಿಗೆ

ಕನ್ನಡ ಟೀಚರಿಗೆ ಇಂಗ್ಲಿಷ್ ಪದಗಳ ಹುಚ್ಚು ಹಿಡಿದರೆ ಪೇಚಾಟಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಮನೆ ವಿಳಾಸ ಕೇಳಿಕೊಂಡು ಬರುತ್ತವೆ. ನನಗೆ ಹಿಡಿದದ್ದು ಮೊಬೈಲಿನ ಆಟ. ದಿನಕ್ಕೊಂದು ಐದಕ್ಷರದ ಪದ ಬಚ್ಚಿಟ್ಟಿರುತ್ತಾರೆ, ಎಲ್ಲರಿಗೂ ಅದೇ ಪದ, ಆರು ಸಲದೊಳಗೆ ಹುಡುಕಬೇಕು. ಅಕ್ಷರ ಸರಿಯಾದ ಜಾಗದಲ್ಲಿದ್ದರೆ ಹಸಿರು ಬಣ್ಣ ಬರುತ್ತದೆ.

ನನ್ನ ನಾದಿನಿ ಮತ್ತಿಕೆರೆಯಲ್ಲಿ ಇಂಗ್ಲಿಷ್ ಲೆಕ್ಚರರ್. "ಅತ್ತಿಗೆ, ನಿಮಗ್ಯಾಕೆ ಇವೆಲ್ಲಾ?" ಅಂದಳು ಒಂದು ದಿನ, ಎಲ್ಲರ ಮುಂದೆ. ಮೈಯೆಲ್ಲ ಉರಿದುಹೋಯಿತು. ಪಂದ್ಯ ಕಟ್ಟಿಯೇಬಿಟ್ಟೆ. ಯುಗಾದಿಯ ತನಕ ಇಬ್ಬರೂ ದಿನಾ ಆಡುವುದು. ಮೊದಲು ತಪ್ಪಿದವರು ಹಬ್ಬಕ್ಕೆ ಎರಡೂ ಮನೆಯವರಿಗೆ ಹೋಳಿಗೆ ತಟ್ಟುವುದು. ಮದುವೆಯಾದಾಗಿನಿಂದ ತಟ್ಟುತ್ತಿರುವವಳು ನಾನೇ. ನನಗೆ ಜ್ವರ ಬಂದಿದ್ದ ಒಂದೇ ಒಂದು ವರ್ಷ ನಾದಿನಿ ಮಾಡಿದ್ದಳು, ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಒಂದು ಸಲವಾದರೂ ಕೂತು ಬಡಿಸಿಕೊಂಡು ತಿನ್ನಬೇಕು ಅನ್ನುವುದು ನನ್ನ ಆಸೆ.

ಹೆಬ್ಬಾಳದ ಫ್ಲೈಓವರಿನ ಮೇಲೆ

ತಣಿಸಂದ್ರದ ಮನೆಯಿಂದ ಸಂಜಯನಗರದ ಸ್ಕೂಲಿಗೆ ಬಸ್ಸಿನಲ್ಲಿ ಹೋಗುವಾಗಲೇ ನನ್ನ ಆಟ. ಅವತ್ತು ಹೆಬ್ಬಾಳದಲ್ಲಿ ಬಸ್ಸೂ ನಿಂತಿತು, ನನ್ನ ತಲೆಯೂ ನಿಂತಿತು. ಐದು ಅವಕಾಶ ಮುಗಿದಿತ್ತು. ನಡುವೆ ಎರಡು ಎಲ್, ಕೊನೆಗೆ ಎ, ಅಷ್ಟೇ ಸಿಕ್ಕಿದ್ದು. ಬ್ಯಾಟರಿ ಬೇರೆ ಕೊನೆಯುಸಿರು ಎಳೆಯುತ್ತಿತ್ತು.

ಪಕ್ಕದಲ್ಲಿ ಪಂಚೆ ಉಟ್ಟ ಅಜ್ಜ ಕೂತಿದ್ದರು. "ಅದೇನವ್ವ ಅಂಗೆ ಒದ್ದಾಡ್ತಿದ್ದೀಯ?" ಅಂದರು. ಹೇಳಿದೆ. ಅಜ್ಜ ನನ್ನ ಮೊಬೈಲಿನೊಳಗೆ ಬಗ್ಗಿ ನೋಡಿದರು.

"ನಂಗೆ ಓದಾಕೆ ಬರಾಕಿಲ್ಲ. ಆದ್ರೆ ಇಂಗೆ ಕಾಲು ಚಾಚ್ಕೊಂಡು ಎಲ್ಡು ಕೋಲು ನಿಂತಿರೋದು ನಮ್ಮ ಒಲದ ಬೋರ್ಡ್‌ನಾಗೆ ಐತೆ. ವಿಲ್ಲಾ ಅಂತಾರೆ ಅದ್ನ."

ವಿಲ್ಲಾ ಅಂತ ಒತ್ತಿದೆ. ಐದಕ್ಕೆ ಐದೂ ಹಸಿರು. ಅಜ್ಜನಿಗೆ ಕೈ ಮುಗಿದು ಥ್ಯಾಂಕ್ಸ್ ಹೇಳಿದೆ.

"ಇರ್ಲಿ ಬುಡವ್ವ," ಅಂದರು. "ಆ ಒಂದು ಪದ ಕಲಿಯಾಕೆ ನಂಗೆ ಮೂರೆಕರೆ ಇಡೀತು."

ಕೈಯಲ್ಲಿ ಚೀಟಿ

ಪರೀಕ್ಷೆಯ ದಿನ ನಮ್ಮ ಮೊಬೈಲುಗಳನ್ನೆಲ್ಲ ಹೆಡ್‌ಮಾಸ್ಟರ ರೂಮಿನಲ್ಲಿ ಇಟ್ಟುಕೊಳ್ಳುತ್ತಾರೆ. ನನ್ನ ಆಟ ಅರ್ಧಕ್ಕೇ ನಿಂತಿತ್ತು. ಮರೆಯಬಾರದೆಂದು ಸಿಕ್ಕಿದ ಅಕ್ಷರಗಳನ್ನು ಚೀಟಿಯಲ್ಲಿ ಬರೆದುಕೊಂಡು, ಮುಷ್ಟಿಯಲ್ಲಿ ಹಿಡಿದು, ಮಕ್ಕಳು ಕಾಪಿ ಹೊಡೆಯದಂತೆ ಕಾಯುತ್ತಾ ಓಡಾಡುತ್ತಿದ್ದೆ.

ಅಷ್ಟರಲ್ಲಿ ಸ್ಕ್ವಾಡ್ ಬಂತು. ಬಂದ ಮೇಡಂ ಮಕ್ಕಳ ಕಡೆ ನೋಡಲೇ ಇಲ್ಲ, ನೇರ ನನ್ನ ಹತ್ತಿರ ಬಂದು, "ಕೈ ತೆಗೀರಿ," ಅಂದರು.

ತೆಗೆದೆ. ಇಡೀ ಕ್ಲಾಸು ಪೆನ್ನು ಕೆಳಗಿಟ್ಟು ನೋಡುತ್ತಿತ್ತು. ಕೆಲಸ ಹೋಯಿತು ಅಂದುಕೊಂಡೆ. ನಾಳೆಯಿಂದ ಯಾರಿಗೆ ಮುಖ ತೋರಿಸಲಿ? ಮೇಡಂ ನನ್ನನ್ನು ಕಾರಿಡಾರಿಗೆ ಕರೆದುಕೊಂಡು ಹೋದರು. ಆಟದ ವಿಷಯ ಹೇಳಿದೆ. ಅವರು ಚೀಟಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕಾರಿಡಾರಿನ ಎರಡೂ ತುದಿ ನೋಡಿದರು.

"ಮೂರನೇದು ಓ ಅಂತ ಗ್ಯಾರಂಟೀನಾ? ಬೆಳಗ್ಗೆಯಿಂದ ನಂದು ಐದು ಚಾನ್ಸ್ ಹೋಗಿದೆ ಕಣ್ರೀ."

ಚೀಟಿ ಅವರ ಪರ್ಸಿನೊಳಗೆ ಹೋಯಿತು. ನಮ್ಮ ಸೆಂಟರಿನಲ್ಲಿ ಆ ದಿನ ಕಾಪಿ ಹೊಡೆದವರು ಒಬ್ಬರೇ, ಅದೂ ಸ್ಕ್ವಾಡಿನವರು.

ಹಬ್ಬದ ಮುನ್ನಾದಿನ

ಕೊನೆಯ ದಿನ ಬಂದೇಬಿಟ್ಟಿತು. ಇಬ್ಬರೂ ಒಂದು ದಿನವೂ ತಪ್ಪಿರಲಿಲ್ಲ. ಬೆಳಗ್ಗೆ ಹತ್ತಕ್ಕೆ ಫ್ಯಾಮಿಲಿ ಗ್ರೂಪಿನಲ್ಲಿ ನಾದಿನಿಯ ಮೆಸೇಜು ಬಂತು. ಆರೂ ಅವಕಾಶ ಹೋಗಿ, ಅವಳು ಸೋತಿದ್ದಳು. ಹಾಗಂತ ನಾನು ಗೆದ್ದಂತಲ್ಲ. ಅದೇ ದಿನ ನಾನೂ ಸೋತರೆ ಪಂದ್ಯ ಸಮ, ಹೋಳಿಗೆ ಮತ್ತೆ ನನ್ನ ತಲೆಗೇ.

ನನಗೆ ಉಳಿದಿದ್ದು ಒಂದೇ ಅವಕಾಶ. ಕೊನೆಯ ನಾಲ್ಕು ಅಕ್ಷರ ಹಸಿರಾಗಿದ್ದವು: ಇ, ಎ, ಎಸ್, ಟಿ. ಲೀಸ್ಟ್ ಹಾಕಿ ನೋಡಿ ಆಗಿತ್ತು. ಮೊದಲನೆಯದು ಬಿ ಆದರೆ ಬೀಸ್ಟ್, ವೈ ಆದರೆ ಯೀಸ್ಟ್, ಎಫ್ ಆದರೆ ಫೀಸ್ಟ್. ಸೋಫಾದ ತುದಿಯಲ್ಲಿ ಕೂತಿದ್ದೆ.

"ಬೀಸ್ಟ್ ಹಾಕು, ಕಣ್ಣು ಮುಚ್ಕೊಂಡು ಹಾಕು," ಅಂದರು ಯಜಮಾನರು. ಮಾವನವರೂ ಪೇಪರಿನ ಹಿಂದಿನಿಂದ, "ಹೌದಮ್ಮ, ಅದೇ ಇರ್ಬೇಕು," ಅಂದರು. ಮಾವನವರಿಗೆ ಇಂಗ್ಲಿಷ್ ಯಾವಾಗ ಬಂತೋ ಗೊತ್ತಿಲ್ಲ.

ಬೆರಳು ಬಿ ಮೇಲೆ ಹೋಯಿತು. ಅಷ್ಟರಲ್ಲಿ ಎಲ್ಲಿಂದಲೋ ಬೆಲ್ಲ, ಏಲಕ್ಕಿಯ ಘಮ ಬಂತು. ಹಬ್ಬ, ಊಟ, ಫೀಸ್ಟ್! ದೇವರೇ ಹೇಳಿದಂತಾಯಿತು. ಎಫ್ ಒತ್ತಿದೆ. ಐದೂ ಹಸಿರು.

"ಗೆದ್ದೆ," ಅಂತ ಗ್ರೂಪಿಗೂ ಹಾಕಿ ಎದ್ದು ನಿಂತೆ. ಯಜಮಾನರ ಮುಖ ಬಾಡಿತ್ತು. ಮಾವನವರು ಮೆಲ್ಲಗೆ ಕೆನ್ನೆ ಮುಟ್ಟಿಕೊಂಡರು. ನಾದಿನಿಯ ಹೋಳಿಗೆಗೆ ಹೋದ ಹಲ್ಲು ಅದೇ ಕಡೆಯದು. ಗ್ರೂಪಿನಲ್ಲಿ ನಾದಿನಿಯ ಗಂಡ ಮಾತ್ರ, "ಅಕ್ಕ, ಇನ್ನೊಂದ್ಸಲ ಚೆಕ್ ಮಾಡಿ," ಅಂತ ಹಾಕಿದ್ದರು.

ಆಗ ನನಗೆ ಹೊಳೆಯಿತು. ನಾನಿಲ್ಲಿ ಕೂತಿದ್ದರೆ ಆ ಘಮ ಎಲ್ಲಿಂದ? ಅಡುಗೆಮನೆಗೆ ಹೋಗಿ ನೋಡಿದೆ. ಅತ್ತೆ ಹೂರಣ ರುಬ್ಬಿ, ನಲವತ್ತು ಉಂಡೆ ಕಟ್ಟಿ ಸಾಲಾಗಿ ಇಟ್ಟಿದ್ದರು. ಎಣ್ಣೆಯಲ್ಲಿ ನೆನೆದ ಕಣಕ ಬೆಣ್ಣೆಯಾಗಿತ್ತು. ಅಷ್ಟು ಮೆತ್ತಗಾಗಲು ಮೂರು ಗಂಟೆಯಾದರೂ ಬೇಕು.

"ಅತ್ತೆ, ಸೋತವರು ತಾನೇ ಮಾಡ್ಬೇಕು? ನಾನು ಗೆದ್ದೆ."

ಅತ್ತೆ ಲಟ್ಟಣಿಗೆಯನ್ನು ನನ್ನ ಕೈಗೆ ಇಟ್ಟರು.

"ನೀನು ಗೆದ್ದಿದ್ದು ಸಂತೋಷ ಕಣಮ್ಮ. ಹಂಗಂತ ನಾವೆಲ್ಲ ಸೋಲಕ್ಕಾಗತ್ತಾ?"