ಡೈರಿಯಲ್ಲಿ ಮಿಲಿಟರಿ ಆಳ್ವಿಕೆ

ನಮ್ಮೂರಿನಲ್ಲಿ ಒಮ್ಮೆ ಮಿಲಿಟರಿ ಆಳ್ವಿಕೆ ನಡೆದಿತ್ತು ಅಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ, ನಾನೇನು ಆಣೆ ಇಡುವುದಿಲ್ಲ. ಆದರೆ ತೊಂಬತ್ತರ ದಶಕದಲ್ಲಿ ನಮ್ಮ ಬಿಂಡಿಗನವಿಲೆ ಕಡೆಯ ಯಾವ ಹಸುವನ್ನು ಕೇಳಿದ್ದರೂ ಹೇಳುತ್ತಿತ್ತು! ಆಳಿದವರು ನಮ್ಮ ದೊಡ್ಡಪ್ಪ.

ಹವಾಲ್ದಾರರಾಗಿ ನಿವೃತ್ತರಾಗಿ ಅವರು ಊರಿಗೆ ಬಂದಾಗ, ಹಾಲಿನ ಡೈರಿಯ ಅಧ್ಯಕ್ಷಗಿರಿಗೆ ಎರಡು ಪಾರ್ಟಿಯವರು ಕಿತ್ತಾಡುತ್ತಿದ್ದರು. ಊರಲ್ಲೇ ಇರದಿದ್ದ ಕಾರಣ ಯಾರ ಜೊತೆಗೂ ಜಗಳವಾಡದೆ ಉಳಿದಿದ್ದವರು ದೊಡ್ಡಪ್ಪ ಒಬ್ಬರೇ. ಅವರನ್ನೇ ಕೂರಿಸಿದರು. ಆ ಕುರ್ಚಿಯೆಂದರೆ ಅವರಿಗೆ ಪ್ರಾಣವಾಯಿತು. ನಿರ್ದೇಶಕರಲ್ಲಿ ಹೆಂಗಸರೂ ಒಬ್ಬರು ಇರಬೇಕೆಂದಾಗ ದೊಡ್ಡಮ್ಮನನ್ನೇ ಸೇರಿಸಿದರು. ಒಂದು ಓಟು ಮನೆಯಲ್ಲೇ ಭದ್ರವಾಗಿರಲಿ ಎಂಬ ಲೆಕ್ಕಾಚಾರ!

ಮಾರನೆಯ ಬೆಳಿಗ್ಗೆಯೇ ಡೈರಿ ಮುಂದೆ ಸೀಟಿ ಊದಿದರು. ಹಾಲು ಹಾಕುವವರು ಎತ್ತರದ ಪ್ರಕಾರ ಸಾಲು ನಿಲ್ಲಬೇಕು. ಭಾನುವಾರ ಕೊಟ್ಟಿಗೆ ತಪಾಸಣೆ ಬೇರೆ.

“ಹಸು ಮೈಯೆಲ್ಲ ಯಾಕಯ್ಯ ಸಗಣಿ?” ಎಂದು ಪಕ್ಕದ ಮನೆಯ ಕರಿಯಣ್ಣನನ್ನು ಗದರಿದರೆ ಅವನು, “ನೀವು ಬತ್ತೀರಿ ಅಂತ ಯೋಳ್ದೆ ಸಾ, ಅದು ಕೇಳ್ನಿಲ್ಲ” ಎಂದ. ದೊಡ್ಡಪ್ಪ ಹಸುವಿಗೆ ಒಂದು ವಾರದ ಗಡುವು ಕೊಟ್ಟು ಬಂದರು.

ಸರ್ಕಾರ ಬಿದ್ದದ್ದು ಒಂದು ಮಳೆಗೆ. ಎಲ್ಲರ ಕ್ಯಾನಿನ ಮುಚ್ಚಳ ತೆಗೆಸಿ ದೊಡ್ಡಪ್ಪ ಹಾಲು ನೋಡುತ್ತಿದ್ದಾಗ ಮಳೆ ಹಿಡಿಯಿತು. “ಸಾಲು ಮುರೀಬಾರ್ದು, ಮುಚ್ಚಳ ಮುಟ್ಬಾರ್ದು” ಎಂದು ಅಪ್ಪಣೆಯಾಯಿತು. ಆಮೇಲೆ ಲ್ಯಾಕ್ಟೋಮೀಟರ್ ಅದ್ದಿದರೆ, ಇಡೀ ಊರೇ ಹಾಲಿಗೆ ನೀರು ಬೆರೆಸಿದೆ! ಮೊದಲು ದೊಡ್ಡಮ್ಮನ ಹಾಲು ವಾಪಸು, ಆಮೇಲೆ ಮಿಕ್ಕವರದು. ನ್ಯಾಯ ಅಂದರೆ ನ್ಯಾಯ ತಾನೆ?

ಆ ವಾರವೇ ಅವಿಶ್ವಾಸ ಗೊತ್ತುವಳಿ ಬಂತು. ಒಂದು ಪಾರ್ಟಿ ದೊಡ್ಡಪ್ಪ ಬೇಡ ಅಂದಿತು. ಅವರು ಬೇಡ ಅಂದರಲ್ಲ ಅಂತಲೇ ಇನ್ನೊಂದು ಪಾರ್ಟಿ ಬೇಕು ಅಂದಿತು. ಎರಡೂ ಕಡೆ ಸಮ. ಉಳಿದದ್ದು ದೊಡ್ಡಮ್ಮ. ದೊಡ್ಡಪ್ಪ ಮೀಸೆ ತಿರುವುತ್ತಾ ನಿಶ್ಚಿಂತೆಯಾಗಿ ಕೂತಿದ್ದರು. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು, ಬೇಡ ಅನ್ನುವವರ ಕಡೆಗೆ ಕೈ ಎತ್ತಿಬಿಟ್ಟರು!

ಮನೆಗೆ ಬಂದು ದೊಡ್ಡಪ್ಪ ಜಗಲಿ ಮೇಲೆ ಮುಖ ಊದಿಸಿಕೊಂಡು ಕೂತರು. “ಒಂದು ಕ್ಯಾನ್ ಆಲಿಗೋಸ್ಕರ ಇಂಗ್ ಮಾಡ್ಬುಟ್ಯಲ್ಲೇ” ಎಂದರು.

ದೊಡ್ಡಮ್ಮ ಕಾಫಿ ಲೋಟ ಮುಂದಿಟ್ಟರು. “ಆಲು ಓದ್ರೆ ಓಗ್ಲಿ ಬುಡಿ. ವಯಸ್ಸಿರೋಗಂಟ ಮಿಲಿಟ್ರಿಯವ್ರು ಮಡೀಕಂಡ್ರು. ಈಗ್ಲಾದ್ರೂ ಬಂದ್ರಲ್ಲ ಅನ್ನೋವೊತ್ಗೆ ಡೈರಿಯವ್ರು ಎತ್ಕಂಡೋದ್ರು. ನಂಗ್ ಯಾವಾಗ ಸಿಕ್ಕೀರಿ ನೀವು?”

ದೊಡ್ಡಪ್ಪ ಕೊಂಚ ಸರಿದು, ಜಗಲಿಯಲ್ಲಿ ದೊಡ್ಡಮ್ಮನಿಗೂ ಜಾಗ ಮಾಡಿಕೊಟ್ಟರು.